ಗುಲಾಬಸಾಬರು ಮೂರನೆಯ ಸಲ ಬಿಚ್ಚಿದ ಬರ್ನರ್

೧೯೪೩ರ ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಒಣ ಕಟ್ಟಿಗೆ ಸಿಗುವುದೇ ದುಸ್ತರವಾಗಿತ್ತು. ಯುದ್ಧ ನಡೆದದ್ದು ಎಲ್ಲೋ, ಹೊಗೆ ಕುಡಿದದ್ದು ನಾವು. ಒಲೆ ಊದಿ ಊದಿ ನನ್ನ ಎದೆ ಸೋತುಹೋಗಿತ್ತು. ನಮ್ಮವರು ಬೆಳಗಿನ ಭೋಂಗಾ, ಅಂದರೆ ಸೈರನ್ನು, ಕೂಗುವುದರೊಳಗೆ ರೈಲ್ವೆ ವರ್ಕ್‌ಶಾಪ್ ಸೇರಬೇಕು. ಅಷ್ಟರಲ್ಲಿ ಚಹಾ, ಡಬ್ಬಿ ಎರಡೂ ಆಗಬೇಕು. ಪಂಪು ಹೊಡೆದು ಹಚ್ಚುವ ಹಿತ್ತಾಳೆಯ ಸ್ಟೋವೊಂದೇ ನನಗೆ ಆಧಾರ. ಅದೂ ಒಂದು ದಿನ ಮುನಿಸಿಕೊಂಡಿತು. ನೀಲಿ ಉರಿ ಹೋಗಿ ಹಳದಿ ಉರಿ ಬಂತು, ಪಾತ್ರೆಗೆಲ್ಲ ಮಸಿ ಮೆತ್ತಿತು.

ಕಮರಿಪೇಟೆಯಿಂದ ಗುಲಾಬಸಾಬರನ್ನು ಕರೆಸಿದೆವು. ಅರವತ್ತು ದಾಟಿದ ಮನುಷ್ಯ. ಮೂವತ್ತು ವರ್ಷಗಳಿಂದ ಊರಿನ ಸ್ಟೋವು, ಗ್ಯಾಸಬತ್ತಿಗಳನ್ನೆಲ್ಲ ರಿಪೇರಿ ಮಾಡಿದವರು. ನಮ್ಮದು ಮಡಿಯ ಮನೆ, ಅವರ ಕೆಲಸವೇನಿದ್ದರೂ ಹೊರಗಿನ ಕಟ್ಟೆಯ ಮೇಲೆ. ಒಳಗೆ ಬರಲೇ ಎಂದು ಅವರು ಕೇಳಿದ್ದಿಲ್ಲ, ಬೇಡ ಎಂದು ನಾವು ಹೇಳುವ ಪ್ರಸಂಗವೂ ಬಂದಿರಲಿಲ್ಲ.

ಸ್ಟೋವು ಹಚ್ಚಿ, ಬರ್ನರಿನ ಹತ್ತಿರ ಕಿವಿ ಇಟ್ಟು, ಕಣ್ಣು ಮುಚ್ಚಿ ಕೇಳಿದರು.

"ಉಸಿರು ಕಟ್ಟೇತ್ರಿ ಬಾಯಾರ," ಎಂದರು.

ಆರಿಸಿ, ಬರ್ನರಿನ ಸಣ್ಣ ತೂತಿಗೆ ಪಿನ್ನು ಹಾಕಿದರು. ಗುರಿ ಎರಡು ಸಲ ತಪ್ಪಿತು, ಮೂರನೆಯ ಸಲ ಹೊಕ್ಕಿತು. ಮತ್ತೆ ಹಚ್ಚಿದಾಗ ಸ್ಟೋವು ಭರ್ ಎಂದು ನೀಲಿಯಾಗಿ ಉರಿಯಿತು. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಅತ್ತೆಯವರ ದನಿ ಕೇಳಿತು.

"ಸುಲಭಾ, ಅದನ್ನ ಹಂಗ ಒಳಗ ತರಬ್ಯಾಡ. ತಿಕ್ಕಿ ತೊಳಕೊಂಡು ಬಾ."

ಬಾವಿಯ ಹತ್ತಿರ ಕುಳಿತು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ನಾನು ಕೆಲಸಗಳ್ಳಿಯಲ್ಲ. ಬರ್ನರನ್ನೂ ಬಿಡದೆ ಬಂಗಾರದ ಹಾಗೆ ಹೊಳೆಯಿಸಿ ಒಳಗೆ ತಂದೆ.

ಮರುದಿನ ಬೆಳಿಗ್ಗೆ ಮತ್ತೆ ಹಳದಿ ಉರಿ, ಮತ್ತೆ ಮಸಿ. ನಮ್ಮವರು ಉಪವಾಸವೇ ಹೋದರು. "ಸಾಬಗ ಕಣ್ಣ ಕಾಣೂದಿಲ್ಲ ಈಗ," ಎಂದರು ಅತ್ತೆಯವರು. ನನಗೂ ಹಾಗೇ ಅನಿಸಿತು. ಎರಡನೆಯ ಸಲ ಬಂದ ಗುಲಾಬಸಾಬರು ಪಂಪಿನ ವಾಷರ್ ಬದಲಿಸಿದರು, ಎಣ್ಣೆ ಸೋಸಿದರು, ಮತ್ತೆ ಪಿನ್ನು ಹಾಕಿದರು. ಕಟ್ಟೆಯ ಮೇಲೆ ನೀಲಿ ಉರಿ. ನಾನು ಮತ್ತೆ ತಿಕ್ಕಿ ತೊಳೆದೆ. ಒಳಗೆ ಮತ್ತೆ ಹಳದಿ.

ಮೂರನೆಯ ಸಲ ಬಂದಾಗ ಅವರ ಮುಖ ಇಳಿದಿತ್ತು. ಚೀಲ ಬಿಚ್ಚದೆ ಕಟ್ಟೆಯ ಮೇಲೆ ಕುಳಿತರು.

"ಕಣ್ಣ ಹೋದ್ವು, ಇನ್ನ ಸಾಕು ಮಾಡ್ರಿ ಅಂತಾಳ್ರಿ ನಮ್ಮ ಮನ್ಯಾಕಿ ಖಾತುನಬಿ. ಮಗಳ ಮನಿ ಸುಳ್ಳ ಅನ್ನೂ ಹಳ್ಳ್ಯಾಗ ಐತಿ, ಅಲ್ಲಿ ಹೋಗಿ ಕುಂಡ್ರೂಣು ಅಂತಾಳ. ಇದೊಂದು ನೋಡೂಣು ಅಂತ ಬಂದೇನಿ. ಇದೂ ಆಗ್ಲಿಲ್ಲಂದ್ರ ಆಕಿ ಹೇಳೂದ ಖರೇ."

ಈ ಸಲ ಅವರು ಬರ್ನರನ್ನು ಪೂರ್ತಿ ಬಿಚ್ಚಿದರು. ಹಳೆಯ ಕಾಗದ ಹಾಸಿ ಅದರ ಮೇಲೆ ಮೆಲ್ಲಗೆ ಕುಟ್ಟಿದರು. ಎಣ್ಣೆ ಹಿಡಿದ ಬೂದುಬಣ್ಣದ ಕೆಸರು ಬಿತ್ತು, ಜೊತೆಗೆ ಹುಣಸೆಯ ಒಂದು ಸುಟ್ಟ ನಾರು. ನಾನು ತಿಕ್ಕುವಾಗ ತೂತಿನೊಳಗೆ ಹೊಕ್ಕ ಬೂದಿ, ಅವರು ಪಿನ್ನು ಹಾಕಿದಾಗ ಇನ್ನಷ್ಟು ಒಳಗೆ ಇಳಿದಿತ್ತು.

ಅದನ್ನು ಬೆರಳಲ್ಲಿ ಹೊಸಕಿ ಮೂಸಿದರು. ಥಳಥಳಿಸುವ ಸ್ಟೋವನ್ನು ನೋಡಿದರು, ಆಮೇಲೆ ನನ್ನನ್ನು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ಏನಾಗಿತ್ತೋ ಸಾಬಾ?" ಅತ್ತೆಯವರು ಹೊಸ್ತಿಲ ಒಳಗಿನಿಂದಲೇ ಕೇಳಿದರು.

"ಎಣ್ಯಾಗ ಕಸ ಇತ್ರಿ ದೊಡ್ಡ ಬಾಯಾರ. ರೇಶನ್ ಎಣ್ಣಿ, ಹಿಂಗ ಇರತೈತ್ರಿ," ಎಂದರು ಗುಲಾಬಸಾಬರು.

ಬರ್ನರನ್ನು ಸೀಮೆಎಣ್ಣೆಯಲ್ಲಿ ಜಾಲಾಡಿ ಕೂಡಿಸಿದರು. ಪಿನ್ನು ಈ ಸಲ ಮೊದಲನೆಯ ಏಟಿಗೇ ಹೊಕ್ಕಿತು. ಉರಿ ನೀಲಿಯಾಗಿ ಎದ್ದಿತು. ಅವರು ಕಿವಿಗೊಟ್ಟು ಕೇಳಿ ತಲೆಯಾಡಿಸಿದರೇ ಹೊರತು ನಗಲಿಲ್ಲ.

"ನಿಮ್ಮ ಕಣ್ಣು, ಕೈ ಎರಡೂ ಛಲೋ ಅವ," ಎಂದೆ. "ಇನ್ನ ಸುಳ್ಳಕ್ಕ ಹೋಗೂದಿಲ್ಲಲ್ಲಾ?"

"ಹೋಗ್ತೇನ್ರಿ. ಕಣ್ಣ ದಣದಾವು ಅಂತ ತಿಳಕೊಂಡಿದ್ನಿ. ಕಣ್ಣಲ್ರಿ, ನಾನ ದಣದೇನಿ." ಚೀಲ ಹೆಗಲಿಗೇರಿಸಿದ ಮೇಲೆ ಸಣ್ಣ ದನಿಯಲ್ಲಿ ಹೇಳಿದರು: "ಬಾಯಾರ, ಇನ್ನ ಮುಂದ ತೊಳೆಯೂಮುಂದ ಬರ್ನರಿಗೆ ಒಂದು ಬಟ್ಟಿ ಕಟ್ಟಿ ತೊಳೀರಿ. ನನ್ನ ಹತ್ರ ಬಟ್ಟಿ ಐತಿ, ಆದ್ರ ಅದು ನಿಮಗ ನಡಿಯೂದಿಲ್ಲ. ನಿಮ್ಮ ಮನೀದ ಕಟ್ರಿ."

ಅವರಿನ್ನೂ ಮೆಟ್ಟಿಲ ಕೆಳಗೆ ನಿಂತು ಚಪ್ಪಲಿ ಮೆಟ್ಟುತ್ತಿದ್ದರು.

"ಸುಲಭಾ, ತೊಳಕೊಂಡು ಬಾ," ಎಂದು ಒಳಗಿನಿಂದ ಕೂಗು ಬಂತು.

ಈ ಸಲ ತೊಳೆಯಲಿಲ್ಲ ಎಂದು ಬರೆಯಲು ನನಗೂ ಆಸೆಯಿದೆ. ಆದರೆ ಬಾವಿಯ ಹತ್ತಿರ ಕುಳಿತೆ, ನನ್ನ ಹಳೆಯ ಸೀರೆಯ ತುಂಡನ್ನು ಬರ್ನರಿಗೆ ಕಟ್ಟಿದೆ, ಅವರು ಹೇಳಿದ ಹಾಗೆಯೇ ತೊಳೆದೆ. ಮರುದಿನ ಭೋಂಗಾಕ್ಕೆ ಮೊದಲೇ ಚಹಾ ಆಯಿತು. ಆ ಸ್ಟೋವು ಮುಂದೆ ಎಂಟು ವರ್ಷ ಕೆಡಲಿಲ್ಲ.