ಶೆಟಗೇರಿಯ ಪಿತ್ತಳೆ ತೇಪೆ

ಬುಧವಾರ ಬೆಳಿಗ್ಗೆ ಏಳೂವರೆಗೆ ಕಿನ್ನರದ ನಮ್ಮ ಮನೆಯಂಗಳದಿಂದ ಲಾರಿ ಹೊರಟಿತು. ಸ್ಟೇರಿಂಗ್ ಹಿಡಿದವನು ನಾನು. ಪಕ್ಕದ ಸೀಟಿನಲ್ಲಿ ಹೆಂಡತಿ ಸುಮನ. ಅವಳ ಎರಡು ಕಾಲುಗಳ ನಡುವೆ ಡೀಸೆಲ್ ತುಂಬಿದ, ಮೂವತ್ತೈದು ಲೀಟರಿನ ನೀಲಿ ಕ್ಯಾನು. ಅದರ ಬಾಯಿಯಿಂದ ಹೊರಟ ಎರಡು ರಬ್ಬರ್ ಪೈಪುಗಳು ಕ್ಯಾಬಿನ್ನಿನ ತಳದ ತೂತಿನಿಂದ ಇಳಿದು ಇಂಜಿನ್ನಿಗೆ ಹೋಗಿದ್ದವು, ಒಂದು ಡೀಸೆಲ್ ಎಳೆಯಲು, ಇನ್ನೊಂದು ಮಿಕ್ಕಿದ್ದನ್ನು ಮರಳಿಸಲು. ಲಾರಿಯ ನಿಜವಾದ ಟ್ಯಾಂಕು ಖಾಲಿ ಹೊಟ್ಟೆಯಲ್ಲಿ ಬದಿಗೆ ತೂಗುತ್ತಿತ್ತು. ಅದರ ತಳ ಸೋರತೊಡಗಿ ಎರಡು ದಿನವಾಗಿತ್ತು. ಬಾರ್ ಸೋಪು ತಿಕ್ಕಿ ಮೆತ್ತಿದರೆ ಅರ್ಧ ದಿನ ನಿಲ್ಲುತ್ತಿತ್ತು, ಆಮೇಲೆ ಅಂಗಳದಲ್ಲಿ ಮತ್ತೆ ಕಪ್ಪು ಕಲೆ.

ಶುಕ್ರವಾರ ಹನ್ನೊಂದಕ್ಕೆ ಕಾರವಾರದಲ್ಲಿ ಲಾರಿಯ ಫಿಟ್‌ನೆಸ್ ತಪಾಸಣೆ ಇತ್ತು. ಡೀಸೆಲ್ ಸೋರುವ ಲಾರಿಯನ್ನು ಯಾರು ಪಾಸು ಮಾಡುತ್ತಾರೆ? ಈ ಸಲ ಪಾಸಾಗದಿದ್ದರೆ ಗುಜರಿಗೆ ಕೊಟ್ಟುಬಿಡಬೇಕೆಂದು ಸುಮನ ಹಟ ಹಿಡಿದಿದ್ದಳು. ಸಿಟ್ಟಿನ ಭರದಲ್ಲಿ ನಾನೂ ಹೂಂ ಅಂದುಬಿಟ್ಟಿದ್ದೆ. ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಕಾಲದ ಲಾರಿ ಅದು. ಅದಿರು ನಿಂತ ಮೇಲೆ ನಮ್ಮ ಸುತ್ತಿನ ಲಾರಿಗಳು ಒಂದೊಂದಾಗಿ ಗುಜರಿ ಸೇರಿದವು. ನನ್ನದು ಚಿರೆಕಲ್ಲು, ಜಲ್ಲಿ, ಹಂಚು ಹೊತ್ತು ಇವತ್ತಿಗೂ ಓಡುತ್ತಿದೆ. ನೋಡಿದವರು ಹತ್ತೇ ವರ್ಷದ ಗಾಡಿ ಅಂದುಕೊಳ್ಳುತ್ತಾರೆ. ಈ ವಿಷಯದಲ್ಲಿ ನನಗೆ ಜಂಬ ಇದೆ, ಮುಚ್ಚಿಡುವುದಿಲ್ಲ.

ಕಾರವಾರದಲ್ಲಿ ಬನ್ಸ್ ತಿಂದು, ಚಹಾ ಕುಡಿದು, ಬಿಡಿಭಾಗಗಳ ಅಂಗಡಿಗೆ ಹೋದೆವು. ಈ ಮಾದರಿಯ ಹೊಸ ಟ್ಯಾಂಕು ಹುಬ್ಬಳ್ಳಿಯಿಂದ ಬರಬೇಕು, ಎಂಟು ದಿನ ಬೇಕು ಅಂದರು. ಹಿತ್ತಲಲ್ಲಿದ್ದ ಹಳೆಯ ಟ್ಯಾಂಕೊಂದನ್ನು ತೋರಿಸಿದರು. ಅಲ್ಲಾಡಿಸಿದರೆ ಒಳಗೆ ತುಕ್ಕಿನ ಹುಡಿ ಮರಳಿನಂತೆ ಸದ್ದು ಮಾಡಿತು. ಕೊನೆಗೆ ಅಂಗಡಿಯವರೇ ಅಂಕೋಲೆಯ ಆಚೆ ಶೆಟಗೇರಿಯಲ್ಲಿ ಬೊಮ್ಮಯ್ಯ ಮೇಸ್ತ್ರಿ ಎಂಬವರಿದ್ದಾರೆ, ಟ್ಯಾಂಕು ಬೆಸೆಯುವುದರಲ್ಲಿ ಅವರದು ಪಳಗಿದ ಕೈ, ಆದರೆ ಅವಸರ ಮಾಡಿದರೆ ವಾಪಸು ಕಳಿಸುತ್ತಾರೆ ಎಂದು ಹೇಳಿದರು.

ಅಂಕೋಲೆಗೆ ಮೂವತ್ತನಾಲ್ಕು ಕಿಲೋಮೀಟರ್. ಮೇ ತಿಂಗಳ ಸೆಕೆ. ಬಿಣಗಾದ ಸುರಂಗ ಬರುವ ಮೊದಲೇ ಸುಮನ ಕ್ಯಾನಿನ ಬಾಯಿಗೆ ಹಳೆಯ ಬಟ್ಟೆ ಬಿಗಿದು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಇಷ್ಟು ವರ್ಷ ಈ ಲಾರಿಯನ್ನು ಸವತಿ ಎಂದು ಬೈಯುತ್ತಿದ್ದೆ, ಈಗ ಸವತಿಗೆ ನಾನೇ ಹಾಲು ಕುಡಿಸಬೇಕಾಯಿತಲ್ಲ” ಎಂದು ಕೊಂಕಣಿಯಲ್ಲಿ ಗೊಣಗಿದಳು. ಅಮದಳ್ಳಿ ದಾಟಿದ ಮೇಲೆ ಸ್ವಲ್ಪ ಗಾಳಿ ಬಂತು. ಅಂಕೋಲೆಯ ರಸ್ತೆ ಬದಿಯಲ್ಲಿ ಇಶಾಡ ಮಾವು ರಾಶಿ ಹಾಕಿದ್ದರು. ಒಂದು ಡಜನ್ ಕೊಂಡು ಕ್ಯಾನಿನ ವಾಸನೆ ತಾಗದಂತೆ ಹಿಂದಿನ ಸೀಟಿನಲ್ಲಿಟ್ಟೆವು.

ಶೆಟಗೇರಿಯಲ್ಲಿ ಬೊಮ್ಮಯ್ಯನವರ ಗ್ಯಾರೇಜಿಗೆ ಬೋರ್ಡೇ ಇಲ್ಲ. ಗೇರುಮರದಡಿ ತಗಡಿನ ಮಾಡು, ಎರಡು ಗ್ಯಾಸ್ ಸಿಲಿಂಡರು, ಒಂದು ಕಲ್ಲಿನ ತೊಟ್ಟಿ. ಎಪ್ಪತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ತೂತು ಎಲ್ಲಿದೆ ಎಂದು ನಾನು ತೋರಿಸಲು ಹೋದರೆ ಅತ್ತ ನೋಡಲೇ ಇಲ್ಲ. ಟ್ಯಾಂಕನ್ನು ಲಾರಿಗೆ ಬಿಗಿದ ಕಬ್ಬಿಣದ ಪಟ್ಟಿಗಳನ್ನು ಬಿಚ್ಚಿದರು. ಪಟ್ಟಿಯಡಿಯ ರಬ್ಬರನ್ನು ಎತ್ತಿದಾಗ ಅಲ್ಲಿ ಬೂದುಬಣ್ಣದ ಹೊಪ್ಪಳೆ ಕಂಡಿತು. ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿ ಉಗಿದರು.

“ಉಪ್ಪು,” ಅಂದರು. “ಲಾರಿ ಎಲ್ಲಿ ತೊಳೀತ್ರಿ?”

ಹೊಳೆಯಲ್ಲಿ ಎಂದೆ. ಅಷ್ಟಕ್ಕೇ ಬಿಡಲಿಲ್ಲ, ಪ್ರತಿ ಶನಿವಾರ ಕಾಳಿ ಹೊಳೆಯ ಇಳಿಜಾರಿಗೆ ಲಾರಿ ಇಳಿಸಿ ಅಚ್ಚು ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ ಉಜ್ಜುತ್ತೇನೆ, ಒಂದು ಶನಿವಾರವೂ ತಪ್ಪಿಸಿದವನಲ್ಲ ಎಂದು ಹೆಮ್ಮೆಯಿಂದಲೇ ವಿವರಿಸಿದೆ. ಬೇಸಿಗೆಯಲ್ಲೂ ತೊಳೆಯುತ್ತೀರಾ ಎಂದು ಕೇಳಿದರು. ಬೇಸಿಗೆಯಲ್ಲಿ ಧೂಳು ಜಾಸ್ತಿ, ಇನ್ನೂ ಚೆನ್ನಾಗಿ ತೊಳೆಯುತ್ತೇನೆ ಎಂದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಕೇಳಿಸಿತು. ಮಳೆ ನಿಂತ ಮೇಲೆ ಭರತದ ಹೊತ್ತಿಗೆ ಸಮುದ್ರದ ಉಪ್ಪುನೀರು ಹೊಳೆಯಲ್ಲಿ ನಮ್ಮ ಕಿನ್ನರದವರೆಗೂ ಏರುತ್ತದೆ. ಅದು ಗದ್ದೆಗೆ ನುಗ್ಗಬಾರದೆಂದು ಪ್ರತಿ ವರ್ಷ ಮಣ್ಣು ಹೊತ್ತು ಕಟ್ಟೆ ಕಟ್ಟುವವರಲ್ಲಿ ನಾನೂ ಒಬ್ಬ.

ಬೊಮ್ಮಯ್ಯನವರು ನಗಲಿಲ್ಲ. “ಗದ್ದೆಗೆ ಕಟ್ಟೆ ಹಾಕ್ತ್ರಿ ಅಲ್ರಾ?” ಅಂದರು. “ಲಾರಿಗೆ ಯಾರು ಹಾಕೂದು?”

ನೀರು ಇಳಿದು ಹೋಗುತ್ತಿತ್ತು, ಪಟ್ಟಿಯಡಿಯ ರಬ್ಬರು ಮಾತ್ರ ಉಪ್ಪನ್ನು ಹಿಡಿದಿಟ್ಟುಕೊಂಡು ವರ್ಷಗಟ್ಟಲೆ ತಗಡು ತಿನ್ನಿಸಿತ್ತು. ಊರಿಗೆಲ್ಲ ತೋರಿಸಿ ಮೆರೆದ ಲಾರಿಯನ್ನು ನನ್ನ ಕೈಯಾರೆ ಹಾಳು ಮಾಡಿಕೊಂಡಿದ್ದೆ. ಸುಮನ ಏನಾದರೂ ಅಂದಾಳೆಂದು ಕಾದೆ. ಅವಳು ಮಾವು ಹೆಚ್ಚಿ ಬೊಮ್ಮಯ್ಯನವರಿಗೆ ಕೊಟ್ಟಳು.

ಅಂದು ಬೆಂಕಿ ಹತ್ತಿಸುವುದಿಲ್ಲ ಎಂದು ಮೇಸ್ತ್ರಿ ಖಡಾಖಂಡಿತ ಹೇಳಿದರು. ಬಿಸಿನೀರಿಗೆ ಸೋಡಾ ಪುಡಿ ಕಲಸಿ ಮೂರು ಸಲ ಟ್ಯಾಂಕು ತೊಳೆದು, ತೊಟ್ಟಿಯಲ್ಲಿ ನೀರು ತುಂಬಿಸಿ ಮುಳುಗಿಸಿಟ್ಟರು. ಶುಕ್ರವಾರದ ತಪಾಸಣೆಯ ಮಾತೆತ್ತಿದೆ.

“ಟ್ಯಾಂಕಿನ ಹೊಟ್ಟೆಲಿ ಡೀಸೆಲ್ ವಾಸನೆ ಇದ್ರೆ ಅದು ಬಾಂಬು. ನಿಮಗೆ ನಿಮ್ ಶುಕ್ರವಾರ, ನಂಗೆ ನನ್ ಕಣ್ಣು.”

ಸಂಜೆ ಬಸ್ಸು ಹಿಡಿದು ಬೇಲೆಕೇರಿಯಲ್ಲಿರುವ ಸುಮನಳ ಅಕ್ಕನ ಮನೆಗೆ ಹೋದೆವು. ಒಂದು ಕಾಲದಲ್ಲಿ ನೂರಾರು ಲಾರಿಗಳ ಸಾಲಿನಲ್ಲಿ ನಿಂತು ನಾನು ಕೆಂಪು ಧೂಳು ನುಂಗಿದ ಊರು. ಈಗ ಆ ದಾರಿಯಲ್ಲಿ ಹೆಂಗಸರು ಮೀನು ಒಣಗಿಸುತ್ತಿದ್ದರು. ಬಂಗಡೆ ಸಾರು, ಕೆಂಪಕ್ಕಿ ಅನ್ನ. ಊಟ ರುಚಿಯಾಗಿತ್ತು, ನಾನು ಮಾತ್ರ ಶುಕ್ರವಾರದ ಲೆಕ್ಕ ಹಾಕುತ್ತಲೇ ಉಂಡೆ.

ಗುರುವಾರ ಒಂಬತ್ತಕ್ಕೆ ಮತ್ತೆ ಶೆಟಗೇರಿ ಮುಟ್ಟಿದೆವು. ಬೊಮ್ಮಯ್ಯನವರು ಟ್ಯಾಂಕಿನ ಬಾಯಿಗೆ ಮೂಗಿಟ್ಟು ಬಹಳ ಹೊತ್ತು ಮೂಸಿದರು. ಆಮೇಲೆ ಕೆಟ್ಟ ತಗಡನ್ನು ಕತ್ತರಿಸಿ ತೆಗೆದರು. ಬೆಸೆಯುವ ಜಾಗ ಮೇಲೆ ಬರುವಂತೆ ತಿರುಗಿಸಿ, ಅದರಡಿ ನಾಲ್ಕು ಬೆರಳು ಬಿಟ್ಟು ಒಳಗೆಲ್ಲ ನೀರು ತುಂಬಿದರು. ಅಂಗೈಯಗಲದ ದಪ್ಪ ತಗಡನ್ನು ಕೂರಿಸಿ ಸುತ್ತಲೂ ಪಿತ್ತಳೆ ಕರಗಿಸಿದರು. ಆ ಕೈ ಒಮ್ಮೆಯೂ ನಡುಗಲಿಲ್ಲ. ನನ್ನ ಲಾರಿಗೆ ಬೇರೆಯವರು ಕೈ ಹಚ್ಚಿದರೆ ನನಗೆ ಆಗದು, ಆವತ್ತು ಮಾತ್ರ ನೋಡುತ್ತಾ ನಿಂತುಬಿಟ್ಟೆ.

ಪರೀಕ್ಷೆಗೆ ಅವರದೇ ಒಂದು ಕ್ರಮ ಇದೆ. ಬೆಸುಗೆಯ ಹೊರಮೈಗೆ ತೆಳುವಾಗಿ ಸುಣ್ಣ ಬಳಿದು ಒಣಗಿಸಿದರು. ಒಳಗಿನ ನೀರು ಬಸಿದು, ತೇಪೆ ಮುಳುಗುವಂತೆ ಸೀಮೆಎಣ್ಣೆ ಸುರಿದರು. ಎಲ್ಲಾದರೂ ಕೂದಲೆಳೆಯಷ್ಟು ಸಂದು ಇದ್ದರೆ ಎಣ್ಣೆ ಹೊರಬಂದು ಸುಣ್ಣ ಕಪ್ಪಾಗಬೇಕು. ಒಂದು ಗಂಟೆ ಕಳೆಯಿತು, ಸುಣ್ಣ ಬೆಳ್ಳಗೇ ಇತ್ತು. ಬೊಮ್ಮಯ್ಯನವರು ಸಾಕು ಎಂದು ಎದ್ದರು. ಟ್ಯಾಂಕಿನ ಪಟ್ಟಿ ಬಿಗಿಯಲು ನಾನು ಪಾನಾ ಕೈಗೆತ್ತಿಕೊಂಡೆ.

“ತಡೀರಿ,” ಅಂದಳು ಸುಮನ. ಊಟಕ್ಕೂ ಏಳದೆ ಟ್ಯಾಂಕಿನ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. ತೇಪೆಯ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಮೂಡಿತ್ತು. ಬೊಮ್ಮಯ್ಯನವರು ಬಗ್ಗಿ ನೋಡಿ, ಅವಳನ್ನೂ ಒಮ್ಮೆ ನೋಡಿ, ಅಮ್ಮಾ, ಕಣ್ಣಂದ್ರೆ ನಿಮ್ ಕಣ್ಣು ಅಂದರು. ಸೀಮೆಎಣ್ಣೆ ಬಸಿದು, ಮತ್ತೆ ಸೋಡಾ ನೀರಿನ ತೊಳೆತ, ಮತ್ತೆ ಮೂಸುವುದು, ಮತ್ತೆ ಬೆಂಕಿ, ಮತ್ತೆ ಸುಣ್ಣ. ಈ ಸಲ ಎರಡು ಗಂಟೆ ಕಾದರು. ಸುಮನ ರೆಪ್ಪೆ ಮಿಟುಕಿಸದೆ ಕಾದಳು. ಲಾರಿ ಗುಜರಿಗೆ ಹೋಗಲಿ ಎಂದವಳು ಇವಳೇನಾ ಅನ್ನಿಸಿತು. ಸುಣ್ಣ ಬೆಳ್ಳಗೇ ಉಳಿಯಿತು.

ತೇಪೆ ಕಾಣದಂತೆ ಟ್ಯಾಂಕಿನದೇ ಹಸಿರು ಬಣ್ಣ ಬಳಿಯೋಣ ಎಂದೆ. ಮೇಸ್ತ್ರಿ ಒಪ್ಪಲಿಲ್ಲ. ಬಣ್ಣದಡಿ ಸೋರಿದರೆ ಯಾರಿಗೂ ತಿಳಿಯುವುದಿಲ್ಲ, ಪಿತ್ತಳೆ ಹೊಳೆಯುತ್ತಿರಲಿ, ಇನ್ನು ಮೇಲೆ ಬಾವಿ ನೀರಲ್ಲಿ ತೊಳೆಯಿರಿ ಎಂದರು. ಟ್ಯಾಂಕು ಏರಿಸಿ, ಡೀಸೆಲ್ ಸುರಿದು ಬಿಸಿಲು ಇಳಿಯುವ ಹೊತ್ತಿಗೆ ಹೊರಟೆವು. ಸುಮನಳ ಕಾಲ ಬಳಿಯ ಕ್ಯಾನು ಖಾಲಿಯಾಗಿತ್ತು.

ಶುಕ್ರವಾರ ಕಾರವಾರದಲ್ಲಿ ನಮ್ಮ ಸರದಿ ಬಂದಾಗ ಹನ್ನೆರಡೂವರೆ. ಇನ್‌ಸ್ಪೆಕ್ಟರ್ ಬ್ರೇಕು, ದೀಪ ಎಲ್ಲ ನೋಡಿ, ಟಾರ್ಚು ಹಿಡಿದು ಲಾರಿಯಡಿ ಬಗ್ಗಿದರು. ಅವರ ಬೆರಳು ತೇಪೆಯ ಸುತ್ತ ಒಮ್ಮೆ ನಿಧಾನವಾಗಿ ಹೋಯಿತು. ಬೆರಳನ್ನು ಮೂಗಿಗೆ ಹಿಡಿದು, ಇದು ಯಾರ ಕೆಲಸ ಎಂದು ಕೇಳಿದರು.

“ಶೆಟಗೇರಿ ಬೊಮ್ಮಯ್ಯ ಮೇಸ್ತ್ರಿದು ಸರ್,” ಅಂದೆ. ಮೂವತ್ತು ವರ್ಷದಲ್ಲಿ ನನ್ನ ಲಾರಿಯ ಮೇಲೆ ಇನ್ನೊಬ್ಬರ ಹೆಸರು ಹೇಳಿದ್ದು ಅದೇ ಮೊದಲು. ಅವರು ತಲೆಯಾಡಿಸಿ ಪಾಸು ಎಂದು ಬರೆದರು.

ಮಧ್ಯಾಹ್ನ ಕಿನ್ನರಕ್ಕೆ ಬಂದಾಗ ನೆರೆಮನೆಯವರೆಲ್ಲ ಅಂಗಳದಲ್ಲಿ ಸೇರಿದರು. ನಾನು ಬಾಯಿ ತೆರೆಯುವ ಮೊದಲೇ ಸುಮನ ಸೆರಗು ಸಿಕ್ಕಿಸಿ ಲಾರಿಯಡಿ ಬಗ್ಗಿ, ಒಬ್ಬೊಬ್ಬರನ್ನೇ ಕರೆದು ಪಿತ್ತಳೆಯ ತೇಪೆ ತೋರಿಸಿದಳು. ಸುಣ್ಣದ ಮೇಲಿನ ಚುಕ್ಕೆ ತನಗೇ ಮೊದಲು ಕಂಡದ್ದೆಂದು ಹೇಳಿದಳು. ಉಪ್ಪುನೀರಲ್ಲಿ ತೊಳೆದು ಟ್ಯಾಂಕು ಕೊರೆದವನು ನಾನೇ ಎಂದೂ ಹೇಳಿದಳು. ಎಲ್ಲರೂ ನನ್ನತ್ತ ತಿರುಗಿದರು. ಹೌದು, ನಾನೇ ಅಂದೆ. ಹಾಗೆ ಅನ್ನುವಾಗಲೂ ನನ್ನ ಎದೆ ಉಬ್ಬಿಯೇ ಇತ್ತು.