ಎರಡೂ ಕಣ್ಣು ತೆರೆದು ತೆಗೆದ ಫೋಟೋ

ಸವಣೂರಿನ ಮಂದಿ ಫೋಟೋ ತೆಗೆಸಿಕೊಳ್ಳಬೇಕಾದರೆ ಹಿಂದಿನ ದಿನವೇ ಎಣ್ಣೆ-ನೀರು ಹಾಕಿಕೊಂಡು, ಪೆಟ್ಟಿಗೆಯ ತಳದಿಂದ ಕರಿಕೋಟು ತೆಗೆದು ಬಿಸಿಲಿಗೆ ಹಾಕುತ್ತಿದ್ದ ಕಾಲ ಅದು. ಯುದ್ಧ ನಡೆದಿತ್ತು. ನನಗೆ ಹತ್ತೋ ಹನ್ನೊಂದೋ ವಯಸ್ಸು. ಊರಿಗೆಲ್ಲ ಇದ್ದ ಒಬ್ಬನೇ ಫೋಟೋಗ್ರಾಫರ್ ನಮ್ಮಪ್ಪ, ಚನಬಸಪ್ಪ. ಶಿಗ್ಗಾಂವಿಯ ವ್ಯಾಪಾರಸ್ಥರ ಮದುವೆಯಿರಲಿ, ಹಾನಗಲ್ಲಿನ ಶಾಲೆಯ ಗ್ರೂಪ್ ಫೋಟೋ ಇರಲಿ, ಮರದ ಕ್ಯಾಮೆರಾ ಮತ್ತು ಮೂರು ಕಾಲಿನ ಸ್ಟ್ಯಾಂಡನ್ನು ಬಸ್ಸಿನ ಮೇಲೆ ಹೇರಿಕೊಂಡು ಹೋಗುತ್ತಿದ್ದವನು ಅವನೇ. ಇದನ್ನು ಹೇಳುವಾಗ ಈಗಲೂ ನನ್ನ ಕುತ್ತಿಗೆ ನೆಟ್ಟಗಾಗುತ್ತದೆ. ಆಗಲಿ ಬಿಡಿ, ಈ ವಯಸ್ಸಿಗೆ ಅಷ್ಟಾದರೂ ನೆಟ್ಟಗಾಗಲಿ.

ಅಪ್ಪ ಕ್ಯಾಮೆರಾದ ಹಿಂದೆ ಕರಿ ಅರಿವೆ ಹೊದ್ದುಕೊಂಡನೆಂದರೆ ಓಣಿಯ ಹುಡುಗರೆಲ್ಲ ಮುತ್ತುತ್ತಿದ್ದೆವು. ಅರಿವೆಯೊಳಗೆ ಅವನು ಒಂದು ಕಣ್ಣು ಮುಚ್ಚುತ್ತಾನೋ, ಎರಡನ್ನೂ ತೆರೆದಿರುತ್ತಾನೋ ಎಂಬುದು ನಮ್ಮ ದೊಡ್ಡ ಜಗಳ. ಗಜ್ಜುಗದಾಟ ಬಿಟ್ಟು ಇದರ ಮೇಲೆ ಪೈಜು ಕಟ್ಟುತ್ತಿದ್ದೆವು. ಸೋತವರು ಹುರಿದ ಶೇಂಗಾ ಕೊಡಬೇಕು. ಅಪ್ಪನನ್ನೇ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ದೊಡ್ಡಪ್ಪನ ಮಗ ಗುರ್ಯಾ ತೀರ್ಪು ಕೊಟ್ಟ.

"ಒಂದ ಕಣ್ಣ ಮುಚ್ಚಲೇಬೇಕು. ಎರಡೂ ತಗದ್ರ ಫೋಟೋದಾಗ ಒಬ್ಬೊಬ್ಬರಿಗೆ ಎರಡೆರಡು ಮಾರಿ ಬೀಳ್ತಾವು."

ನಾನು ನಂಬಿದೆ. ಕಣ್ಣು ಎರಡಿದ್ದ ಮೇಲೆ ಮುಖವೂ ಎರಡು ಬೀಳುವುದು ನ್ಯಾಯವೇ ಅನಿಸಿತು.

ಆಗಲೇ ಅಮೀನಾಬಿ ಚಾಚಿ ನಮ್ಮ ಹಿತ್ತಲ ಬಾಗಿಲಿಗೆ ಬಂದದ್ದು. ಹಿಂದಿನ ಓಣಿಯಲ್ಲಿ ಅವಳದು ವೀಳ್ಯದೆಲೆ ವ್ಯಾಪಾರದ ಮನೆ. ಒಬ್ಬನೇ ಮಗ ದಸ್ತಗೀರ ಫೌಜಿಗೆ ಸೇರಿ ಸಮುದ್ರ ದಾಟಿ ಹೋಗಿದ್ದ. ಗುಂಡು ತಾಗಿ ದವಾಖಾನೆಯಲ್ಲಿದ್ದೇನೆ ಎಂದು ಅವನ ಕಾಗದ ಬಂದಿತ್ತು. ಕಣ್ಣು ಮುಚ್ಚಿದರೂ ನಿನ್ನ ಮುಖ ನೆನಪಿಗೆ ಬರುತ್ತಿಲ್ಲ, ಒಂದು ಫೋಟೋ ಕಳಿಸು ಎಂದು ಬರೆಸಿದ್ದ.

"ಪರಗಂಡಸರ ಮುಂದ ನಾ ಹೆಂಗ ಕುಂದರ್ಲಿ, ಗೌರವ್ವಾ?" ಎಂದು ಚಾಚಿ ಅವ್ವನ ಕೈ ಹಿಡಿದುಕೊಂಡು ಅತ್ತಳು. "ಮಗಾ ಅಲ್ಲಿ ಹಾದಿ ನೋಡಾಕತ್ತಾನ."

ಅಪ್ಪ ನಡುಮನೆಯಲ್ಲಿದ್ದ. ಹೊರಗೆ ಬರದೆ ಅಲ್ಲಿಂದಲೇ ಹೇಳಿದ, "ನಮ್ಮ ನೀಲಾ ತಗೀತಾಳ್ರಿ, ಭಾಬಿ."

ನೀಲಾ ಎಂದರೆ ನಾನು. ನನಗಿಂತ ಮೊದಲು ಅವ್ವ ಹೌಹಾರಿದಳು. ಮರದ ಕ್ಯಾಮೆರಾ ನನ್ನ ಎತ್ತರಕ್ಕೆ ಆಗದು. ಅಪ್ಪ ಆಗಷ್ಟೇ ಹುಬ್ಬಳ್ಳಿಯಿಂದ ತಂದಿದ್ದ, ಕಣ್ಣಿಗೆ ಹಚ್ಚಿಕೊಂಡು ನೋಡುವ ಸಣ್ಣ ಕ್ಯಾಮೆರಾ ಒಂದಿತ್ತು. ಯುದ್ಧದಿಂದಾಗಿ ಅದರ ರೋಲು ಎಲ್ಲೂ ಸಿಗುತ್ತಿರಲಿಲ್ಲ. ಇದ್ದ ಒಂದು ರೋಲು ಹಿರೇಕೆರೂರಿನ ಮದುವೆಯೊಂದಕ್ಕೆ ಖರ್ಚಾಗಿ, ಇನ್ನೊಂದೇ ಒಂದು ಫೋಟೋ ಆಗುವಷ್ಟು ಉಳಿದಿತ್ತು.

"ಇರೂದು ಒಂದಾ. ಅದನ್ನ ಈ ಹುಡಿಗಿ ಕೈಯಾಗ ಕೊಡ್ತೀರಿ?" ಅವ್ವ ಕೇಳಿದಳು.

"ಕೊಡ್ತೇನಿ."

ಅಪ್ಪನ ಆ ಒಂದು ಮಾತಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ನನಗೆ ಒಂದೇ ಕಣ್ಣು ಮುಚ್ಚಲು ಬರುತ್ತಿರಲಿಲ್ಲ! ಎಡಗಣ್ಣು ಮುಚ್ಚಿದರೆ ಬಲಗಣ್ಣೂ ಜೊತೆಗೇ ಮುಚ್ಚುತ್ತಿತ್ತು. ನೀರು ತರುವಾಗ, ಜೋಳ ಹಸನು ಮಾಡುವಾಗ, ರೊಟ್ಟಿ ತಿನ್ನುವಾಗ ಅದೇ ಅಭ್ಯಾಸ. ಒಂದು ದಿನ ಶಾಲೆಯಲ್ಲಿ ಮಗ್ಗಿ ಹೇಳುತ್ತ ಹೇಳುತ್ತ ಸಾಧಿಸಿಯೇಬಿಟ್ಟೆ. ಎಡಗಣ್ಣು ಒಂದೇ ಮುಚ್ಚಿತು. ಎದುರಿಗೆ ಮಾಸ್ತರು ನಿಂತಿದ್ದರು.

"ಯಾರಿಗೆ ಕಣ್ಣ ಹೊಡ್ಯಾಕತ್ತೀ, ಭಂಡಿ?"

"ಫೋಟೋ ಕಲಿಯಾಕತ್ತೇನ್ರಿ, ಸರ್."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಂಗೈಗೆ ನಾಲ್ಕು ಛಡಿಯೇಟು ಬಿದ್ದವು. ನಾನು ಮನೆ ಮುಟ್ಟುವ ಮೊದಲೇ ಗುರ್ಯಾ ಸುದ್ದಿ ಮುಟ್ಟಿಸಿದ್ದ: ನೀಲಾ ಮಾಸ್ತರಿಗೆ ಕಣ್ಣು ಹೊಡೆದಳು. ಅವ್ವ ಕೆನ್ನೆಗೆ ಒಂದು ಕೊಟ್ಟು ತಾನೇ ಅಳುತ್ತ ಕೂತಳು.

ಅಪ್ಪ ಬಂದು ಎಲ್ಲ ಕೇಳಿದ. "ಮುಚ್ಚಂತ ಯಾರ ಹೇಳಿದ್ರು ನಿನಗ?" ಎಂದವನೇ ಸಣ್ಣ ಕ್ಯಾಮೆರಾ ತಂದು ತನ್ನ ಬಲಗಣ್ಣಿಗೆ ಹಚ್ಚಿಕೊಂಡು ನನ್ನೆದುರು ನಿಂತ. ಅವನ ಎಡಗಣ್ಣು ಅಗಲವಾಗಿ ತೆರೆದು ನನ್ನನ್ನೇ ನೋಡುತ್ತಿತ್ತು.

"ಕಿಂಡ್ಯಾಗಿನ ಕಣ್ಣಿಗೆ ಎಷ್ಟ ಬೇಕೋ ಅಷ್ಟಾ ಕಾಣತೈತಿ. ಅದರ ಹೊರಗ ಏನ ನಡದೈತಿ, ಏನ ಬರಾಕತ್ತೈತಿ, ಅದನ್ನ ನೋಡಾಕ ಇನ್ನೊಂದು ಬೇಕಲ್ಲವಾ?"

"ಮತ್ತ ಎರಡ ಮಾರಿ ಬಿದ್ರ?"

ಅಪ್ಪ ನಗು ತಡೆಯಲಾರದೆ ಹೊಸ್ತಿಲ ಮೇಲೆ ಕೂತುಬಿಟ್ಟ. "ಫೋಟೋ ತಗ್ಯೂದು ಪೆಟಗಿ ಕಣ್ಣ, ನಿನ್ನ ಕಣ್ಣಲ್ಲ. ಅದಕ್ಕ ಇರೂದು ಒಂದಾ."

ಚಾಚಿಯ ಮನೆಗೆ ಹೋದ ದಿನ ಅಪ್ಪ ಕ್ಯಾಮೆರಾ ಪೂರ್ತಿ ಸಿದ್ಧಮಾಡಿ ಕೊಟ್ಟು, ಪಡದೆಯ ಆಚೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ. ದೂರ ಅಳೆಯಲು ಒಂದು ದಾರ ಕೊಟ್ಟಿದ್ದ. ಅದರ ತುದಿ ಕ್ಯಾಮೆರಾಕ್ಕೆ, ಗಂಟು ಚಾಚಿಯ ಮೂಗಿಗೆ ಹತ್ತಬೇಕು.

"ಗಂಟು ಮೂಗಿಗೆ ಹತ್ತೇತೇನ?" ಅಪ್ಪ ಆಚೆಯಿಂದ ಕೂಗಿದ.

"ಹತ್ತೇತಿ!"

"ಯಾ ಅಲ್ಲಾ, ಎತ್ತಿಗೆ ಮೂಗುದಾರ ಹಾಕಿದಂಗ ಹಾಕಾಕತ್ತಾರ ನನಗ!" ಎಂದು ಚಾಚಿ ಗೊಣಗಿದಳು. ಒಳಗಿದ್ದ ಹೆಂಗಸರೆಲ್ಲ ನಕ್ಕರು.

ಅಂಗಳದ ಬಿಸಿಲಲ್ಲಿ ಹೊರಸಿನ ಮೇಲೆ ಚಾಚಿ ಕೂತಿದ್ದಳು. ಪಕ್ಕದಲ್ಲಿ ಎಲೆಯ ಬುಟ್ಟಿ, ಹಸಿ ಎಲೆಯ ಖಾರದ ವಾಸನೆ. ನಾನು ಕ್ಯಾಮೆರಾ ಎತ್ತಿದ್ದೇ ತಡ, ಅವಳು ಉಸಿರು ಹಿಡಿದು ಬಿಗಿದುಕೊಂಡಳು. ಕಿಂಡಿಯಲ್ಲಿ ಯಾರೋ ಬೇರೆಯವರು ಕೂತಿದ್ದರು. ನಮಗೆ ಪೇರಲ ಕದ್ದದ್ದಕ್ಕೆ ಬಾಯಿತುಂಬ ಬೈದು, ಆಮೇಲೆ ಉಡಿ ತುಂಬ ಪೇರಲ ಕೊಡುತ್ತಿದ್ದ ಚಾಚಿ ಅಲ್ಲಿರಲಿಲ್ಲ. ದಸ್ತಗೀರ ಕೇಳಿದ್ದು ಈ ಮಾರಿಯನ್ನಲ್ಲ ಅನಿಸಿ ನನ್ನ ಬೆರಳು ನಿಂತಿತು.

"ಒತ್ತಿದಿಯೇನ?"

"ತಡಿ, ಅಪ್ಪಾ."

ನನ್ನ ಎಡಗಣ್ಣಿಗೆ ಒಂದು ಆಡಿನ ಮರಿ ಕಂಡಿತು. ಗೋಡೆ ಹಿಡಿದು ಮೆಲ್ಲಗೆ ಎಲೆಯ ಬುಟ್ಟಿಯ ಕಡೆ ಬರುತ್ತಿತ್ತು. ಕಿಂಡಿಯಲ್ಲಿ ಅದು ಇನ್ನೂ ಇಲ್ಲ. ಮುಂದೆ ಏನಾಗುತ್ತದೆಂದು ಆ ಅಂಗಳದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮರಿ ಬುಟ್ಟಿಗೆ ಬಾಯಿ ಹಾಕಿತು. ಚಾಚಿ ಗಕ್ಕನೆ ತಿರುಗಿ ಕೈಯೆತ್ತಿ, "ಏ ಹೈವಾನ, ನಿನ್ನ ಬಾಯಾಗ ಮಣ್ಣ ಹಾಕ!" ಎಂದಳು. ಹುಬ್ಬು ಮೇಲೆ ಹೋಗಿತ್ತು, ತುಟಿಯ ತುದಿಯಲ್ಲಿ ನಗು ಬಂದಿತ್ತು. ಒತ್ತಿದೆ.

"ಹೋತಾ?" ಚಾಚಿ ಹೊರಸಿನಿಂದ ಎದ್ದು ನನ್ನ ಕೈಯ ಕ್ಯಾಮೆರಾ ನೋಡಿದಳು. "ಇದ್ದದ್ದು ಒಂದಾ, ಹೋತಾ?"

ನಮ್ಮ ಮನೆಯ ಬಾಗಿಲಲ್ಲಿ ನಿಂತು ಅಪ್ಪ ಕೇಳಿದ, "ಬೇಕಂತ ಒತ್ತಿದಿಯೋ, ಕೈ ಜಾರಿತೋ?"

"ಬೇಕಂತನಾ."

ಅಪ್ಪ ತಲೆಯಾಡಿಸಿ ಕತ್ತಲಕೋಣೆಗೆ ಹೋದ. ಫೋಟೋ ತೊಳೆಯುವ ಔಷಧದ ಹುಳಿವಾಸನೆ ಮನೆ ತುಂಬಿತು. ಆ ದಿನ ನಾನು ಊಟ ಮಾಡಲಿಲ್ಲ. ಒಬ್ಬ ತಾಯಿಯ ಮುಖ ಮಗನಿಗೆ ಸಿಗದ ಹಾಗೆ ಮಾಡಿದೆನೇನೋ ಎಂದು ಕತ್ತಲಕೋಣೆಯ ಬಾಗಿಲಲ್ಲೇ ಕೂತಿದ್ದೆ. ಮರುದಿನ ಅವ್ವನ ಜೊತೆ ಹೋಗಿ ಫೋಟೋ ಕೊಟ್ಟೆ. ಬಾಯಿ ತೆರೆದು ಬೈಯುತ್ತಿರುವವರ ಫೋಟೋವನ್ನು ಆ ಕಾಲದಲ್ಲಿ ಯಾರೂ ಕಂಡಿರಲಿಲ್ಲ. ಚಾಚಿ ಬಹಳ ಹೊತ್ತು ನೋಡಿದಳು.

"ಇದಾ ನಾ," ಎಂದಳು. "ಕಳಸ್ರಿ."

ಎರಡು ತಿಂಗಳಿಗೆ ಉತ್ತರ ಬಂತು. ಚಾಚಿ ಅದನ್ನು ನಮ್ಮ ಮನೆಗೇ ತಂದು ಅಪ್ಪನಿಂದ ಓದಿಸಿದಳು. ಅಪ್ಪ ಒಳಗಿಂದ ಓದಿದ, ಅವಳು ಹಿತ್ತಲಲ್ಲಿ ಕೇಳಿದಳು. ಅಮ್ಮಾ, ನನಗೇ ಬೈಯುತ್ತಿದ್ದೀ ಅನಿಸಿ ಹಾಸಿಗೆಯ ಮೇಲೆ ಎದ್ದು ಕೂತೆ ಎಂದು ದಸ್ತಗೀರ ಬರೆಸಿದ್ದ.

ಯುದ್ಧ ಮುಗಿದ ಮೇಲೆ ಅವನು ಕುಂಟುತ್ತ ನಮ್ಮ ಫೋಟೋ ಅಂಗಡಿಗೆ ಬಂದ. ಕಿಸೆಯಿಂದ ಫೋಟೋ ತೆಗೆದು ಅಪ್ಪನ ಮುಂದಿಟ್ಟ. ಬೆವರಿಗೆ ಅಂಚು ಹಳದಿಯಾಗಿತ್ತು. ಅದರ ಬೆನ್ನಿಗೆ ಅಪ್ಪನ ಹೆಸರಿನ ಶಿಕ್ಕಾ ಒತ್ತಿತ್ತು. ಅಪ್ಪ ಪೆನ್ಸಿಲ್ ತೆಗೆದುಕೊಂಡು, ಗಿರಾಕಿಗಳೆಲ್ಲ ನೋಡುತ್ತಿದ್ದಂತೆಯೇ, ತನ್ನ ಹೆಸರಿನ ಮೇಲೆ ಗೀಟು ಹಾಕಿ ನನ್ನ ಹೆಸರು ಬರೆದ.

"ತಗದಾಕಿ ಈಕಿ."

ದಸ್ತಗೀರ ನನಗೆ ದೊಡ್ಡವರಿಗೆ ಮಾಡುವ ಹಾಗೆ ಸಲಾಮು ಮಾಡಿದ. ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಮುಂದೆ ಯಾರೂ ಕೊಡಲಿಲ್ಲ.

ಹದಿನೈದಕ್ಕೆ ನನ್ನನ್ನು ಚಿಕ್ಕೇರೂರಿಗೆ ಕೊಟ್ಟರು. ಮನೆತನ ಒಳ್ಳೆಯದು, ಮಂದಿ ಒಳ್ಳೆಯವರು. ಆದರೆ ಸೊಸೆಯ ಕೈಯಲ್ಲಿ ಕ್ಯಾಮೆರಾ ಇರಬಹುದೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ಕೇಳಲು ನನಗೂ ಬಾಯಿ ಬರಲಿಲ್ಲ. ಅಪ್ಪ ಹೋದ, ಸಣ್ಣ ಕ್ಯಾಮೆರಾ ಯಾರ ಪಾಲಾಯಿತೋ ತಿಳಿಯದು. ಈಗ ಮದುವೆಮನೆಗಳಲ್ಲಿ ನನ್ನನ್ನು ಮುಂದಿನ ಸಾಲಿನ ನಡುವೆ ಕೂಡಿಸುತ್ತಾರೆ. ಫೋಟೋದ ಹುಡುಗ ಒಂದು ಕಣ್ಣು ಮುಚ್ಚಿಕೊಂಡು, "ಅಜ್ಜಿ, ಇತ್ತಾಗ ನೋಡ್ರಿ," ಎನ್ನುತ್ತಾನೆ. ನಾನು ನೋಡುತ್ತೇನೆ. ಅವನು ಮುಚ್ಚಿದ ಕಣ್ಣಿನ ಕಡೆಗೆ ಮದುಮಗಳ ಅಪ್ಪ ಯಾರೂ ಕಾಣದ ಹಾಗೆ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿರುತ್ತಾನೆ. ಈಗ, ಈಗ ಒತ್ತು ಎಂದು ನನ್ನ ಬೆರಳು ಉಡಿಯಲ್ಲೇ ಒತ್ತುತ್ತದೆ. ಹುಡುಗ ಇನ್ನೂ ನಮ್ಮ ಸಾಲು ಸರಿಮಾಡುತ್ತಿರುತ್ತಾನೆ.