ಮಗಳಿಂದ ಒಂದು ಮಾರು ದೂರ

ನನ್ನ ಎಡ ಶ್ವಾಸಕೋಶದಲ್ಲಿ ಕ್ಯಾನ್ಸರಿನ ಗಂಟು ಸಣ್ಣದಾಗಿರುವಾಗಲೇ ಸಿಕ್ಕಿತು. ಡಾಕ್ಟರು ಅದನ್ನು ಕೊಯ್ದು ತೆಗೆದು, ಹೊಲಿಗೆಯ ಗುಂಟ ಅಕ್ಕಿಕಾಳಿನಷ್ಟು ಸಣ್ಣ ವಿಕಿರಣದ ಕಾಳುಗಳನ್ನು ಇಟ್ಟರು. ಗಂಟಿನ ಬೇರು ಉಳಿದಿದ್ದರೆ ಅವು ಒಳಗೇ ಕೂತು ಅದನ್ನು ಸುಡುತ್ತವಂತೆ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಆದರೆ ಮೂವತ್ತು ವರ್ಷ ಇಂಡಿ, ಸಿಂದಗಿ ಸುತ್ತಿನ ಬಾವಿಗಳಲ್ಲಿ ಕುಳಿ ಕೊರೆದು, ಮದ್ದು ತುಂಬಿ ಬಂಡೆ ಒಡೆದಿದ್ದೇನೆ. ಡಾಕ್ಟರು ಹೇಳಿದ್ದು ಚೆನ್ನಾಗಿಯೇ ತಿಳಿಯಿತು. ಕೊನೆಯ ಮಾತು ಮಾತ್ರ ಎದೆಗೆ ಬಡಿಯಿತು: ಮೂರು ತಿಂಗಳು ಬಸುರಿಯರಿಂದ, ಸಣ್ಣ ಮಕ್ಕಳಿಂದ ಒಂದು ಮಾರಾದರೂ ದೂರ ಇರಬೇಕು.

ಮಗಳು ಆಗ ಏಳು ತಿಂಗಳ ಬಸುರಿ. ಅಂಜುತ್ತಾಳೆಂದು ಆಪರೇಷನ್ ಸುದ್ದಿ ಆಕೆಗೆ ಹೇಳಿರಲಿಲ್ಲ. ಸೀಮಂತದ ಕುಬಸ ಮಾಡಿ, ಮೊದಲ ಹೆರಿಗೆಗೆ ಕರೆತರಲು ಮುದ್ದೇಬಿಹಾಳದ ಬೀಗರ ಮನೆಗೆ ನಾನೇ ಹೋಗಬೇಕಿತ್ತು; ಆದರೆ ಆಕೆಯೊಂದಿಗೆ ಒಂದೇ ಜೀಪಿನಲ್ಲಿ ಕೂರುವಂತಿರಲಿಲ್ಲ.

“ಇದ್ದದ್ದು ಹೇಳಿಬಿಡ್ರಿ,” ಎಂದಳು ಹೆಂಡತಿ.

“ಬೀಗರ ಮುಂದ ಬ್ಯಾನಿ ಹೇಳ್ಕೋತ ಕೂಡ್ಲೇನು? ಬಾವಿ ಕೆಲಸ ಐತಿ ಅನ್ನು.”

ಹೆಂಡತಿ ತನ್ನ ಅಣ್ಣನೊಂದಿಗೆ ಹೋಗಿ ಮಗಳನ್ನು ಕರೆತಂದಳು. ಜೀಪಿನಿಂದ ಇಳಿದವಳೇ ಮಗಳು ನನ್ನ ಕಾಲು ಮುಟ್ಟಲು ಬಂದಳು.

“ಏ, ದೂರ ಸರಿ!”

ಮದ್ದಿಗೆ ಬೆಂಕಿ ಹಚ್ಚಿ ಆಳುಗಳಿಗೆ ಒದರುವ ದನಿ ಅದು. ಆಕೆ ಬಾಗಿದಲ್ಲೇ ಉಳಿದಳು. ನಾನು ಮನೆಯ ಮುಂದಿನ ಕಟ್ಟೆಗೆ ಹೋಗಿ ಕೂತೆ. ಊಟ, ನಿದ್ದೆ ಎಲ್ಲ ಅಲ್ಲೇ. ನಾಲ್ಕು ದಿನ ಮಗಳ ಮುಖ ನೋಡಲಿಲ್ಲ; ಆಕೆಗೆ ಏನೂ ಹೇಳಬೇಡ ಎಂದು ಹೆಂಡತಿಗೂ ಆಣೆ ಹಾಕಿದ್ದೆ.

ಐದನೆಯ ದಿನ ಮುಂಜಾನೆ ಒಳಗಿನ ಮಾತು ಕೇಳಿತು. “ಯವ್ವಾ, ನಾ ಹೋಗ್ತೇನಬೇ. ಅತ್ತಿ ಮನ್ಯಾಗ ಹಡೀತೇನಿ. ಅಪ್ಪಗ ನಾ ಬ್ಯಾಡಾಗೇನಿ.”

ಎದ್ದು ಬಾಗಿಲಿಗೆ ಬಂದೆ. ಹೊಸ್ತಿಲು ದಾಟಲಿಲ್ಲ. ಅಂಗಿ ಎತ್ತಿ ಪಕ್ಕೆಯ ಹೊಲಿಗೆ ತೋರಿಸಿದೆ. ಕಾಳುಗಳ ವಿಷಯ, ಡಾಕ್ಟರು ಹೇಳಿದ್ದು, ಎಲ್ಲ ಹೇಳಿದೆ. ನಡುವೆ ಎರಡು ಸಲ ಉಸಿರು ಸಾಲದೆ ನಿಂತೆ.

ಆಕೆ ಹೊಲಿಗೆ ನೋಡಿದಳು.

“ಕೂಸಿಗೆ ಏನರ ಆದೀತಂತ ಹಿಂಗ ಮಾಡಿದ್ಯಾ?”

“ಹೌದವಾ.”

“ಒಂದ ಮಾತ ಹೇಳಾಕ ಏನಾಗಿತ್ತಪ್ಪಾ? ಬಾಯಿಗೂ ಹೊಲಿಗಿ ಹಾಕ್ಯಾರೇನು?”

ನಾನು ಅಂಗಿ ಕೆಳಗಿಳಿಸಿದೆ. ಆಕೆ ಬೆರಳು ಮಡಚಿ ತಿಂಗಳು ಎಣಿಸಿದಳು.

“ನಿನ್ನ ಮೂರು ತಿಂಗಳು ಮುಗಿಯೂದ್ರಾಗ ನಂದು ಹೆರಿಗಿ ಆಗಿರತೈತಿ. ಕೂಸಿನ ಮಾರಿ ನೀ ಬಾಗಲದಾಗ ನಿಂತ ನೋಡಬೇಕಾಗತೈತಿ.”

“ನೋಡತೇನವಾ,” ಎಂದೆ.

ಆಕೆ ಕಣ್ಣೊರೆಸಿಕೊಂಡು, ಕಟ್ಟಿದ್ದ ಚೀಲ ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಬಟ್ಟೆಯ ಗಳಕ್ಕೆ ಹಾಕತೊಡಗಿದಳು.